ಬಡ ಮಣ್ಣಿನ ಬೇಟೆಗಿಡಗಳು: ಆನೇಕಲ್ ಸೀಮೆಯ ಹೊಸ ರಸಿಕರಿಗೆ

ಕೀಟಾಹಾರಿ ಸಸ್ಯ ಎಂದೊಡನೆ ನೆನಪಾಗುವುದು ಶಾಲೆಯ ಪಠ್ಯದಲ್ಲಿದ್ದ ಹೂಜಿ ಗಿಡ, ಇಲ್ಲವೇ ಬಾಯಿ ಮುಚ್ಚಿ ನೊಣ ಹಿಡಿಯುವ ವೀನಸ್ ಫ್ಲೈಟ್ರಾಪ್. ಭಾರತದ ಏಕೈಕ ಹೂಜಿ ಗಿಡ ನೆಪೆಂತಿಸ್ ಖಾಸಿಯಾನ ಮೇಘಾಲಯದ್ದು. ಫ್ಲೈಟ್ರಾಪ್ ಅಮೆರಿಕದ ಕೆರೊಲಿನಾ ಸೀಮೆಯದು. ಎಲೆಕ್ಟ್ರಾನಿಕ್ ಸಿಟಿಯ ಬಾಲ್ಕನಿಗಳಲ್ಲಿ ಈ ಹವ್ಯಾಸ ಹುಟ್ಟುವುದು ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ತರಿಸಿಕೊಂಡ ಫ್ಲೈಟ್ರಾಪ್‌ನಿಂದ. ನನ್ನ ಸಲಹೆ ಬೇರೆ. ಮೊದಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನು ಕೊಳ್ಳಿ. ಬೆಂಗಳೂರಿನ ಸುತ್ತಲಿನ ಬಂಡೆಗಳು, ಹುಲ್ಲುಬಯಲುಗಳು, ಕೆರೆಯಂಗಳಗಳಲ್ಲೇ ಡ್ರಾಸೆರ, ಯುಟ್ರಿಕ್ಯುಲೇರಿಯ ಎಂಬ ಎರಡು ಕುಲದ ಬೇಟೆಗಿಡಗಳಿವೆ. ಅವನ್ನು ನೋಡಿ ಕಣ್ಣು ಪಳಗಿದ ಮೇಲೆ ಕುಂಡದ ಯೋಚನೆ ಮಾಡೋಣ.

ಎಲ್ಲಿ ಹುಡುಕಬೇಕು? ಮಣ್ಣು ತೀರಾ ಬಡವಾಗಿರುವಲ್ಲಿ. ಸಾರಜನಕ ಸಿಗದ ಜಾಗದಲ್ಲಿ ಬದುಕಲೆಂದೇ ಈ ಗಿಡಗಳು ಹುಳ ಹಿಡಿಯುವುದು ಕಲಿತವು. ಆನೇಕಲ್, ಬನ್ನೇರುಘಟ್ಟ, ರಾಮನಗರ, ಸಾವನದುರ್ಗ ಎಲ್ಲವೂ ಕಣಶಿಲೆಯ ನಾಡು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಮುಗಿದ ಮೇಲೂ ಬಂಡೆಯ ಇಳಿಜಾರಿನಲ್ಲಿ ಕೆಲವು ವಾರ ನೀರು ಜಿನುಗುತ್ತಿರುತ್ತದೆ. ಅಲ್ಲಿ ಬೆರಳುದ್ದದ ಮರಳು ಮಣ್ಣು, ಪಾಚಿ, ಬಿಳಿ ಗುಂಡಿಯಂಥ ಹೂವಿನ ಎರಿಯೊಕಾಲಾನ್ ಕಂಡರೆ ನಿಂತುಬಿಡಿ, ಮೊಣಕಾಲೂರಿ ಕುಳಿತು ನೋಡಿ. ಇವುಗಳ ಜೊತೆಯಲ್ಲೇ ನಮ್ಮ ಬೇಟೆಗಿಡಗಳೂ ಬೆಳೆಯುತ್ತವೆ. ಒಂದು ಎಚ್ಚರಿಕೆ: ಬನ್ನೇರುಘಟ್ಟದ ಕಾಡಂಚು, ರಾಗಿಹಳ್ಳಿ ಕಡೆ ಆನೆ ಓಡಾಡುವ ಜಾಗ. ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡಬೇಡಿ. ಊರ ದಾರಿಯ ಪಕ್ಕದ ಬಂಡೆಗಳೇ ಬೇಕಾದಷ್ಟಿವೆ.

ಡ್ರಾಸೆರ ಬರ್ಮಾನಿಯನ್ನು ನಿಂತು ಹುಡುಕಿದರೆ ಸಿಗುವುದಿಲ್ಲ. ನಾಣ್ಯದಗಲದ ಕೆಂಪು ಚಕ್ರವಾಗಿ ನೆಲಕ್ಕಂಟಿಕೊಂಡಿರುತ್ತದೆ. ಬೆಣೆಯಾಕಾರದ ಪುಟ್ಟ ಎಲೆಗಳ ಮೇಲೆಲ್ಲ ಕೂದಲು, ಒಂದೊಂದು ಕೂದಲ ತುದಿಯಲ್ಲೂ ಹೊಳೆಯುವ ಅಂಟಿನ ಹನಿ. ಬಿಸಿಲೇರಿದಾಗ ನೋಡಿ: ಹುಲ್ಲಿನ ಮೇಲಿನ ಇಬ್ಬನಿ ಆರಿಹೋಗಿರುತ್ತದೆ, ಈ ಹನಿಗಳು ಹಾಗೇ ಇರುತ್ತವೆ. ಭೂತಗನ್ನಡಿಯಲ್ಲಿ ಎಲೆಯಂಚನ್ನು ಗಮನಿಸಿದರೆ ಹೊರಸಾಲಿನ ಕೂದಲುಗಳು ಉಳಿದವಕ್ಕಿಂತ ಉದ್ದ. ಇರುವೆಯೋ ಪುಟ್ಟ ನೊಣವೋ ತಗುಲಿದರೆ ಕೆಲವೇ ಸೆಕೆಂಡುಗಳಲ್ಲಿ ಅವು ಒಳಕ್ಕೆ ಮಡಚಿ ಬೇಟೆಯನ್ನು ನಡುವಿನ ಅಂಟಿಗೆ ತಳ್ಳುತ್ತವೆ. ಗಿಡವೊಂದು ಅಲುಗುವುದನ್ನು ಕಣ್ಣಾರೆ ಕಾಣುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಸುತ್ತ ಇನ್ನೊಂದಿಲ್ಲ. ಇದರ ಸೋದರ ಡ್ರಾಸೆರ ಇಂಡಿಕ ನೆಟ್ಟಗೆ ಬೆಳೆಯುತ್ತದೆ. ದಾರದಂಥ ಉದ್ದ ಎಲೆ, ಗುಲಾಬಿ ಹೂವು.

ಈ ಕೂದಲುಗಳ ಸೂಕ್ಷ್ಮತೆಗೆ ಮಾರುಹೋದವನು ಚಾರ್ಲ್ಸ್ ಡಾರ್ವಿನ್. 1860ರಲ್ಲಿ ಇಂಗ್ಲೆಂಡಿನ ಡ್ರಾಸೆರ ನೋಡಿ ಶುರುಮಾಡಿದ ಪ್ರಯೋಗಗಳನ್ನು 1875ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. 0.000822 ಮಿಲಿಗ್ರಾಂ ತೂಕದ ತಲೆಗೂದಲಿನ ಚೂರಿಗೂ ಗಿಡ ಸ್ಪಂದಿಸಿತು. ಮೇಲೆ ಬೀಳುವ ಮಳೆಹನಿಗೆ ಮಾತ್ರ ಅಲುಗಲಿಲ್ಲ. ಹುಸಿ ಕರೆಗೆಲ್ಲ ಮೈ ದಣಿಸಿಕೊಳ್ಳುವುದು ಬಡ ಮಣ್ಣಿನ ಗಿಡಕ್ಕೆ ಕಟ್ಟುವುದಿಲ್ಲ.

ಅಂಟಿದ್ದ ಮಾತ್ರಕ್ಕೆ ಕೀಟಾಹಾರಿ ಎಂದುಕೊಳ್ಳಬೇಡಿ. ಬೇಲಿಯ ಚಿತ್ರಮೂಲದ ಹೂವಿನ ಬುಡಕ್ಕೂ ಹುಳು ಅಂಟುತ್ತದೆ. ಆದರೆ ಅದರ ಎಲೆಗಳು ಡ್ರಾಸೆರದಂತೆ ಬೇಟೆಯನ್ನು ಅಪ್ಪಿ ಅರಗಿಸಿಕೊಳ್ಳುವುದಿಲ್ಲ.

ಯುಟ್ರಿಕ್ಯುಲೇರಿಯವನ್ನು ಹೂವಿನಿಂದಲೇ ಗುರುತಿಸಬೇಕು. ಎಲೆಯೇ ಇಲ್ಲದಂತೆ ಕಾಣುವ ತೆಳು ದಂಟು, ಎರಡು ತುಟಿಯ ನೇರಳೆ ಅಥವಾ ಹಳದಿ ಹೂವು, ಹಿಂದಕ್ಕೆ ಚಾಚಿದ ಕೊಂಬು. ಅದೇ ಜಾಗದ ಲಿಂಡರ್ನಿಯ ಮೋಸಗೊಳಿಸುತ್ತದೆ. ಅದಕ್ಕೆ ಜೋಡಿ ಎಲೆಗಳಿವೆ, ಕೊಂಬಿಲ್ಲ. ತಿಳಿನೀರಿನ ಹೊಂಡ, ಕೆರೆಗಳಲ್ಲಿ ತೇಲುವ ಹಳದಿ ಹೂವಿನ ಜಾತಿಗಳೂ ಇವೆ. ಹೂದಂಟಿನ ಸುತ್ತ ಬಿಳಿಯ ತೇಲುಚೀಲಗಳ ಉಂಗುರವಿದ್ದರೆ ಅದು ಯುಟ್ರಿಕ್ಯುಲೇರಿಯ ಸ್ಟೆಲ್ಲಾರಿಸ್. ಬೇಟೆಯೆಲ್ಲ ನೀರಿನಡಿ, ಕೆಸರಿನಡಿ. ಸಾಸಿವೆ ಕಾಳಿನಷ್ಟು ಅಥವಾ ಇನ್ನೂ ಚಿಕ್ಕ ಚೀಲಗಳು ನೀರನ್ನು ಹೊರಹಾಕಿ ಕೆನ್ನೆ ಒಳಗೆಳೆದುಕೊಂಡು ಕಾಯುತ್ತವೆ. ನೀರಹುಳು ಬಾಗಿಲ ಕೂದಲಿಗೆ ತಾಕಿದರೆ ಸಾಕು, ಒಂದು ಮಿಲಿಸೆಕೆಂಡಿನಷ್ಟರಲ್ಲಿ ನೀರಿನೊಂದಿಗೆ ಒಳಗೆ. ಕಣ್ಣಿಗೆ ಸಿಗದ ವೇಗ. ಚೀಲದೊಳಗಿನ ಕಪ್ಪು ಚುಕ್ಕೆಯಷ್ಟೇ ಭೂತಗನ್ನಡಿಗೆ ಕಾಣುವ ಸಾಕ್ಷಿ. ಭಾರತದ ಜಾತಿಗಳ ಬಗ್ಗೆ ಎಂ.ಕೆ. ಜನಾರ್ದನಂ ಮತ್ತು ಎ.ಎನ್. ಹೆನ್ರಿ 1992ರಲ್ಲಿ ಬರೆದ ಗ್ರಂಥ ಆಳಕ್ಕೆ ಇಳಿಯುವವರಿಗೆ ಬೇಕೇಬೇಕು.

ಇನ್ನು ಬೆಳೆಸುವ ಮಾತು. ಬಂಡೆಯ ಮೇಲೆ ಕಲಿತ ಪಾಠವನ್ನೇ ಕುಂಡಕ್ಕೂ ಅನ್ವಯಿಸಿ: ಬಡತನವನ್ನು ಕಾಪಾಡಿ. ತೋಟದ ಮಣ್ಣು, ಎರೆಗೊಬ್ಬರ, ಹಸುವಿನ ಗೊಬ್ಬರ ಯಾವುದೂ ಬೇಡ. ಗೊಬ್ಬರ ಬೆರೆಸದ ಪೀಟ್ ಅಥವಾ ಸ್ಫ್ಯಾಗ್ನಂ ಪಾಚಿ ಸಾಕು. ಕೊಕೊಪೀಟ್ ಆದರೆ ಉಪ್ಪು ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದ. ಆನೇಕಲ್ ಕಡೆಯ ಬೋರ್‌ವೆಲ್ ನೀರು ಗಡಸು, ಅದನ್ನು ಹಾಕಲೇಬೇಡಿ. ಮನೆಯ ಆರ್‌ಒ ಯಂತ್ರ ಕುಡಿಯಲೆಂದು ಖನಿಜ ಬೆರೆಸುವುದುಂಟು. ಟಿಡಿಎಸ್ ಮೀಟರ್ ಇಟ್ಟು ನೋಡಿ, 50 ಪಿಪಿಎಂ ಒಳಗಿದ್ದರೆ ಬಳಸಿ. ಎಲ್ಲಕ್ಕಿಂತ ಒಳ್ಳೆಯದು ತಾರಸಿಯ ಮಳೆನೀರು.

ಫ್ಲೈಟ್ರಾಪ್‌ಗೆ ಚಳಿಗಾಲದ ನಿದ್ದೆ ಬೇಕು, ನಮ್ಮ ಡಿಸೆಂಬರ್ ಅದಕ್ಕೆ ಸಾಲದು. ಹೊಸಬರಿಗೆ ನಾನು ಶಿಫಾರಸು ಮಾಡುವುದು ನರ್ಸರಿಯಲ್ಲಿ ಬೆಳೆಸಿದ ಮಿಶ್ರತಳಿ ನೆಪೆಂತಿಸ್ ವೆಂಟ್ರಾಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ತಂಪು ರಾತ್ರಿಗಳು ಅದಕ್ಕೆ ಹಿಡಿಸುತ್ತವೆ. ಡ್ರಾಸೆರ ಬರ್ಮಾನಿಯನ್ನೂ ಸಾಕಬಹುದು, ಆದರೆ ಬೆಳೆಸುವವರಿಂದ ಬೀಜ ಪಡೆದು. ಧೂಳಿನಂಥ ಬೀಜವನ್ನು ಮುಚ್ಚದೆ ಒದ್ದೆ ಪೀಟ್ ಮೇಲೆ ಉದುರಿಸಿ, ಬಿಸಿಲಿಗಿಡಿ, ತಟ್ಟೆಯಲ್ಲಿ ನೀರಿರಲಿ.

ಬಂಡೆಯ ಮೇಲಿನ ಗಿಡವನ್ನು ಮಾತ್ರ ಕೀಳಬೇಡಿ. ಅದು ಸಾಮಾನ್ಯವಾಗಿ ಒಂದೇ ಋತುವಿನ ಗಿಡ, ಮುಂದಿನ ಮಳೆಗೆ ಉಳಿಯುವುದು ಅದು ಉದುರಿಸಿದ ಬೀಜ. ಕೊಳಚೆ ಸೇರಿ ನೀರು ಕೊಬ್ಬಿದ ಕೆರೆಯಲ್ಲಿ ಅಂತರಗಂಗೆ ಹಬ್ಬುತ್ತದೆ, ಯುಟ್ರಿಕ್ಯುಲೇರಿಯ ಇಲ್ಲವಾಗುತ್ತದೆ. ಕಲ್ಲುಗಣಿಗೆ ಹೋದ ಬಂಡೆಯಲ್ಲಿ ಡ್ರಾಸೆರ ಮತ್ತೆ ಹುಟ್ಟುವುದಿಲ್ಲ. ನಿಮ್ಮೂರ ಬಂಡೆಯಲ್ಲಿ ಗಿಡ ಕಂಡರೆ ಫೋಟೊ ತೆಗೆದು ದಿನಾಂಕ ಬರೆದಿಡಿ, ಮರುವರ್ಷ ಅದೇ ತಿಂಗಳು ಹೋಗಿ ಇದೆಯೇ ನೋಡಿ.