ಸಂಕಲನವೂ ಒಂದು ಕಾಯಕ: ಶೂನ್ಯಸಂಪಾದನಕಾರರ ಬರವಣಿಗೆಯ ಕ್ರಮ

ಶರಣರ ವಚನಗಳು ಅನುಭಾವದಿಂದ ಹೊಮ್ಮಿದ ನುಡಿಗಳು ಎಂಬುದು ಭಕ್ತರಿಗೂ ವಿಮರ್ಶಕರಿಗೂ ಸಮ್ಮತವಾದ ಮಾತು. ಆದರೆ ಈ ಮಾತಿನಿಂದಲೇ ಇನ್ನೊಂದು ತೀರ್ಮಾನವನ್ನು ಹೊರಡಿಸುವ ರೂಢಿಯೂ ಬೆಳೆದುಬಂದಿದೆ. ಆಯ್ಕೆ, ಜೋಡಣೆ, ತಿದ್ದುಪಡಿ ಮೊದಲಾದ ಬರವಣಿಗೆಯ ಶ್ರಮವೆಲ್ಲ ಆಸ್ಥಾನಕವಿಗಳಿಗೆ ಸಂಬಂಧಿಸಿದ್ದು, ಭಕ್ತಿಸಾಹಿತ್ಯಕ್ಕೆ ಅದರ ಹಂಗಿಲ್ಲ ಎಂಬುದೇ ಆ ತೀರ್ಮಾನ. ಇದು ನಿಜವಾದರೆ ವೀರಶೈವ ಸಾಹಿತ್ಯದ ಒಂದು ಮಹಾಕೃತಿಗೆ ವಿವರಣೆಯೇ ಸಿಗದೆ ಹೋಗುತ್ತದೆ. ಆ ಕೃತಿ ಶೂನ್ಯಸಂಪಾದನೆ. ಅದರ ಬಹುಪಾಲು ಮಾತುಗಳು ಶರಣರವು. ಆದರೆ ಆ ಮಾತುಗಳಿಗೆ ಕೃತಿಯ ಆಕಾರ ಬಂದುದು ನಾಲ್ವರು ಸಂಪಾದಕರ ಕೈಯಿಂದ. ಪ್ರತಿಭೆಯುಳ್ಳ ಬರಹಗಾರ ತನ್ನ ಕೆಲಸವನ್ನು ಹೇಗೆ ನಡೆಸುತ್ತಾನೆ ಎಂಬುದನ್ನು ಅರಿಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಕಲ್ಯಾಣದ ಕ್ರಾಂತಿ ನಡೆದು ಎರಡೂವರೆ ಶತಮಾನಗಳಷ್ಟು ಕಾಲ ಕಳೆದ ಮೇಲೆ, ಹದಿನೈದನೆಯ ಶತಮಾನದಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಸಿದ್ಧಪಡಿಸಿದರು. ಅದರಲ್ಲಿ ೧೦೧೨ ವಚನಗಳಿವೆ. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರ ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಅದೇ ವಸ್ತುವನ್ನು ಕೈಗೆತ್ತಿಕೊಂಡರು. ನಾಲ್ಕನೆಯದಾದ ಗೂಳೂರರ ಸಂಪಾದನೆಯಲ್ಲಿ ವಚನಗಳ ಸಂಖ್ಯೆ ೧೫೪೩ಕ್ಕೆ ಏರಿದೆ. ಕೃತಿ ೨೧ ಉಪದೇಶಗಳಾಗಿ ವಿಭಾಗಗೊಂಡಿದೆ. ಒಂದೇ ಗ್ರಂಥವನ್ನು ನಾಲ್ವರು ವಿದ್ವಾಂಸರು ಮತ್ತೆ ಮತ್ತೆ ಕಟ್ಟಿದರೆಂದರೆ, ಹಿಂದಿನವರ ಕೃತಿಯ ಮೇಲೆ ಗೌರವವೂ ಅತೃಪ್ತಿಯೂ ಅವರಲ್ಲಿ ಏಕಕಾಲಕ್ಕೆ ಇದ್ದುವೆಂದೇ ಅರ್ಥ. ಗೌರವ ಮಾತ್ರ ಇದ್ದಿದ್ದರೆ ಪ್ರತಿ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಅತೃಪ್ತಿ ಮಾತ್ರ ಇದ್ದಿದ್ದರೆ ಬೇರೊಂದು ಗ್ರಂಥವನ್ನೇ ಬರೆಯುತ್ತಿದ್ದರು.

ಈ ಸಂಪಾದಕರ ಮುಂದಿದ್ದ ತೊಡಕು ಸಾಮಾನ್ಯವಾದುದಲ್ಲ. ಪುರಾಣಕವಿ ತನ್ನ ಪಾತ್ರಗಳ ಬಾಯಲ್ಲಿ ತನಗೆ ಬೇಕಾದ ಮಾತನ್ನು ಆಡಿಸಬಲ್ಲ. ಚಾಮರಸ ತನ್ನ ಪ್ರಭುಲಿಂಗಲೀಲೆಯಲ್ಲಿ ಭಾಮಿನಿ ಷಟ್ಪದಿಯ ಓಟಕ್ಕೆ ತಕ್ಕಂತೆ ಸಂಭಾಷಣೆಯನ್ನು ಹೊಂದಿಸಿಕೊಂಡ. ಶೂನ್ಯಸಂಪಾದನಕಾರರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಪ್ರಶ್ನೆಯೂ ಉತ್ತರವೂ ಈಗಾಗಲೇ ರಚಿತವಾಗಿದ್ದ ವಚನಗಳೇ ಆಗಬೇಕು. ಒಂದೊಂದು ವಚನಕ್ಕೂ ಅದರದೇ ಆದ ಅಂಕಿತ, ಅದರದೇ ಆದ ಮುಗಿತಾಯ. ಎಲ್ಲೋ ಏಕಾಂತದಲ್ಲಿ ಹುಟ್ಟಿದ ನುಡಿಯನ್ನು ಇನ್ನೊಬ್ಬ ಶರಣರ ನುಡಿಗೆ ಎದುರಾಗಿ ನಿಲ್ಲಿಸಿ, ಎರಡೂ ಒಂದೇ ಸಂವಾದದ ಅಂಗಗಳೆಂದು ಓದುಗನಿಗೆ ತೋರುವಂತೆ ಮಾಡಬೇಕು. ಅವರು ಸ್ವಂತವಾಗಿ ಬರೆದುದು ನಡುನಡುವಣ ಗದ್ಯವನ್ನು ಮಾತ್ರ: ಯಾರು, ಯಾರ ಮುಂದೆ, ಯಾವ ಸಂದರ್ಭದಲ್ಲಿ ನುಡಿದರು ಎಂಬ ಸೂಚನೆ. ಈ ಕೊಂಡಿ ಉದ್ದವಾದರೆ ವಚನ ಸೊರಗುತ್ತದೆ. ತೀರ ಮೊಟಕಾದರೆ ಸಂವಾದ ಕಡಿದುಹೋಗುತ್ತದೆ. ಇವೆರಡರ ನಡುವಣ ಹದವನ್ನು ಕಾಯುವುದೇ ಇಲ್ಲಿಯ ಕಲೆ.

ಮುಕ್ತಾಯಕ್ಕನ ಪ್ರಸಂಗದಲ್ಲಿ ಈ ಹದ ಸ್ಪಷ್ಟವಾಗಿ ಕಾಣುತ್ತದೆ. ಅಣ್ಣನಾದ ಅಜಗಣ್ಣನ ಅಗಲಿಕೆಯಿಂದ ಶೋಕಿಸುತ್ತಿರುವ ಅವಳನ್ನು ಪ್ರಭುದೇವರು ಸಂಧಿಸುತ್ತಾರೆ. ಪ್ರಭುದೇವರು ತತ್ತ್ವವನ್ನು ಮುಂದಿಡುತ್ತಾರೆ. ಅವಳು ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ವಾದ ಏರುತ್ತದೆ. ಈ ನಡುವೆ ಅವಳ ದುಃಖವನ್ನು ಬಣ್ಣಿಸಲು ಸಂಪಾದಕರು ಹೆಚ್ಚೇನೂ ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಅವಳ ವಚನಗಳ ಅಂಕಿತವೇ ತೀರಿಹೋದ ಅಣ್ಣನ ಹೆಸರು. ಎಷ್ಟೇ ಬಿಗಿಯಾದ ತರ್ಕವನ್ನು ಹೂಡಿದರೂ ಅವಳ ಒಂದೊಂದು ಮಾತೂ ಕೊನೆಗೆ ಅದೇ ಹೆಸರಿಗೆ ಬಂದು ನಿಲ್ಲುತ್ತದೆ. ಬಿಡಿಯಾಗಿ ಓದಿದಾಗ ಅದು ಮುದ್ರಿಕೆ. ಸಂವಾದದಲ್ಲಿ ಓದಿದಾಗ ಅದೇ ಶೋಕ. ವಚನದ ಒಂದಕ್ಷರವನ್ನೂ ಬದಲಿಸದೆ, ಅದನ್ನು ಇಡುವ ಸ್ಥಳದಿಂದ ಮಾತ್ರವೇ ಇಂಥ ಅರ್ಥವನ್ನು ಹೊರಡಿಸಿದುದು ದೊಡ್ಡ ಬರಹಗಾರರ ಲಕ್ಷಣ.

ಅಕ್ಕಮಹಾದೇವಿಯ ಪ್ರಸಂಗವನ್ನು ಬೇರೆ ಕೃತಿಗಳೊಡನೆ ಹೋಲಿಸಿದರೆ ಈ ಕ್ರಮ ಇನ್ನಷ್ಟು ತಿಳಿಯಾಗುತ್ತದೆ. ಹರಿಹರನ ರಗಳೆಯಲ್ಲಿ ಅವಳು ಷರತ್ತುಗಳನ್ನು ಒಡ್ಡಿ ಕೌಶಿಕನನ್ನು ವರಿಸುತ್ತಾಳೆ. ಷರತ್ತು ಮುರಿದಾಗ ಹೊರಟುಬರುತ್ತಾಳೆ. ಚಾಮರಸನಲ್ಲಿ ಮದುವೆಯೇ ನಡೆಯುವುದಿಲ್ಲ. ಇಬ್ಬರಿಗೂ ಕಥೆಯ ಜೋಡಣೆ ಮುಖ್ಯ. ಸಂಪಾದನಕಾರರಾದರೋ ಅವಳನ್ನು ನೇರವಾಗಿ ಕಲ್ಯಾಣದ ಶರಣರ ಸಭೆಯ ಮುಂದೆ ನಿಲ್ಲಿಸುತ್ತಾರೆ. ಪ್ರಭುದೇವರು ಅವಳ ಪತಿಯ ಕುರುಹನ್ನು ಕೇಳುತ್ತಾರೆ. ದೇಹಭಾವವಳಿದವಳಿಗೆ ಕೂದಲಿನ ಮರೆಯೇಕೆಂದು ಪರೀಕ್ಷಿಸುತ್ತಾರೆ. ಅವಳ ಹಿಂದಿನ ಬದುಕು ಕವಿಯ ನಿರೂಪಣೆಯಾಗಿ ಬರದೆ ಅವಳ ಉತ್ತರಗಳ ಒಳಗಿನಿಂದಲೇ ಹೊಳೆಯುತ್ತದೆ. ಹೇಳಬಲ್ಲುದೆಲ್ಲವನ್ನೂ ಹೇಳಿಬಿಡಬೇಕೆಂಬ ಚಪಲವನ್ನು ಗೆದ್ದವರಿಂದ ಮಾತ್ರ ಇದು ಸಾಧ್ಯ.

ಹಾಗೆಂದು ಈ ಸಂಪಾದಕರ ಕಾರ್ಯವೆಲ್ಲ ಪ್ರಶ್ನಾತೀತವೆಂದು ಭಾವಿಸಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗ ಈ ದೃಷ್ಟಿಯಿಂದ ವಿಚಾರಾರ್ಹ. ಕೆರೆ ಗುಡಿಗಳ ನಿರ್ಮಾಣದಲ್ಲಿ ತೊಡಗಿದ್ದ ಸಿದ್ಧರಾಮರನ್ನು ಪ್ರಭುದೇವರು ಕೆಣಕಿ, ಮಣಿಸಿ, ಕಲ್ಯಾಣಕ್ಕೆ ಕರೆತರುತ್ತಾರೆ. ಅಲ್ಲಿ ಅವರಿಗೆ ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯಾದ ಸಂಗತಿ ಮಹಾದೇವಯ್ಯನವರ ಮೊದಲ ಸಂಪಾದನೆಯಲ್ಲಿಲ್ಲ. ಅದು ಸೇರಿದ್ದು ಅನಂತರದ ಸಂಪಾದನೆಯಲ್ಲಿ. ದೀಕ್ಷೆಯಿಲ್ಲದವರು ಶರಣಗೋಷ್ಠಿಯಲ್ಲಿ ಸಮಾನರಾಗಿ ಕುಳಿತುದು ಹೇಗೆ ಎಂಬ ಶಂಕೆ ಅದನ್ನು ಸೇರಿಸಿದವರನ್ನು ಕಾಡಿರಬೇಕು. ಆಚಾರನಿಷ್ಠೆಯ ದೃಷ್ಟಿಯಿಂದ ಆ ಶಂಕೆ ಸಹಜವಾದುದೇ. ಆದರೆ ಅಂತರಂಗದ ಅರಿವಿನಿಂದಲೇ ಸಿದ್ಧರಾಮರು ಶರಣರಾದರೆಂಬ ಮಹಾದೇವಯ್ಯನವರ ಚಿತ್ರಕ್ಕೆ ಬೇರೊಂದು ಬಗೆಯ ಕಾಂತಿಯಿದೆ. ಒಂದು ತಿದ್ದುಪಡಿಯಿಂದ ಪ್ರಸಂಗದ ತಾತ್ಪರ್ಯವೇ ತಿರುಗಿಬಿಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಎದ್ದುಬರುವ ಪ್ರಶ್ನೆ ಕೇವಲ ಪಂಡಿತರದಲ್ಲ, ಭಕ್ತರದೂ ಹೌದು. ಶರಣರ ನುಡಿಯನ್ನು ಜೋಡಿಸುವ ಅಧಿಕಾರ ಎಲ್ಲಿಯವರೆಗೆ? ಜೋಡಣೆಯೇ ಕೂಡದೆಂದರೆ ಶೂನ್ಯಸಂಪಾದನೆಯನ್ನೇ ಕಳೆದುಕೊಳ್ಳಬೇಕಾಗುತ್ತದೆ. ಎಲ್ಲವೂ ಸಲ್ಲುತ್ತದೆಂದರೆ ಶರಣರ ಹೆಸರಿನಲ್ಲಿ ಯಾರು ಏನನ್ನಾದರೂ ನುಡಿಸಬಹುದಾಗುತ್ತದೆ. ನುಡಿಯ ಸ್ಥಾನವನ್ನು ಗೊತ್ತುಪಡಿಸುವುದು ಸಂಪಾದಕನ ಹಕ್ಕು. ನುಡಿಯನ್ನೇ ಹುಟ್ಟಿಸುವುದು ಅವನ ಹಕ್ಕಲ್ಲ. ಈ ಗೆರೆಯನ್ನು ನಾಲ್ವರೂ ಎಲ್ಲೆಡೆಯೂ ಒಂದೇ ನಿಷ್ಠೆಯಿಂದ ಪಾಲಿಸಿದರೇ ಎಂಬುದನ್ನು ಪಾಠಗಳನ್ನು ಒತ್ತಟ್ಟಿಗಿಟ್ಟು ಪ್ರಸಂಗ ಪ್ರಸಂಗವಾಗಿ ತೂಗಿನೋಡಬೇಕೇ ಹೊರತು, ಭಕ್ತಿಯ ಆವೇಶದಿಂದಾಗಲಿ ಸಂಶಯದ ಆವೇಶದಿಂದಾಗಲಿ ತೀರ್ಪು ಕೊಡಲಾಗದು. ಸಂಪಾದನೆಯಲ್ಲಿ ಒಂದು ವಚನ ಉತ್ತರವಾಗಿ ಬಂದಿತೆಂದ ಮಾತ್ರಕ್ಕೆ ಕಲ್ಯಾಣದಲ್ಲಿ ಅದು ಅದೇ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂದು ಚರಿತ್ರೆ ಬರೆಯುವುದೂ ತಪ್ಪು. ಕಲೆಯ ಸತ್ಯವನ್ನು ಚರಿತ್ರೆಯ ಸತ್ಯವೆಂದು ತಿಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಅದೃಷ್ಟವಶಾತ್ ಇಂಥ ಪರಿಶೀಲನೆಗೆ ಬೇಕಾದ ಸಾಮಗ್ರಿ ಒದಗಿಬಂದಿದೆ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸಿ, ಪ್ರತಿ ಮಾಡಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಗೂಳೂರರ ಸಂಪಾದನೆಯನ್ನು ಅಚ್ಚಿಗೆ ತಂದವರೂ ಅವರೇ. ಮುಂದೆ ಸಂ. ಶಿ. ಭೂಸನೂರಮಠರು ಅದನ್ನು ಪರಿಷ್ಕರಿಸಿದರು, ಆರ್. ಸಿ. ಹಿರೇಮಠರು ಮಹಾದೇವಯ್ಯನವರ ಮೊದಲ ಸಂಪಾದನೆಯನ್ನು ಬೆಳಕಿಗೆ ತಂದರು. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟದಲ್ಲಿ ವಚನಗಳು ಬಿಡಿಯಾಗಿ, ಕರ್ತೃಗಳ ಕ್ರಮದಲ್ಲಿ ದೊರೆಯುತ್ತವೆ. ಒಂದು ಕೈಯಲ್ಲಿ ಆ ಸಂಪುಟ, ಇನ್ನೊಂದು ಕೈಯಲ್ಲಿ ಶೂನ್ಯಸಂಪಾದನೆ ಹಿಡಿದು ಓದುವ ವಿದ್ಯಾರ್ಥಿಗೆ ಅದೇ ವಚನ ಒಂಟಿಯಾಗಿದ್ದಾಗ ಹೇಗೆ ನುಡಿಯುತ್ತದೆ, ಗೋಷ್ಠಿಯಲ್ಲಿ ಹೇಗೆ ನುಡಿಯುತ್ತದೆ ಎಂಬ ಅಂತರ ತಾನಾಗಿಯೇ ಗೋಚರಿಸುತ್ತದೆ.

ಬರೆಯಹೊರಟವರು ಈ ನಾಲ್ವರಿಂದ ಕಲಿಯಬೇಕಾದುದು ಬಹಳವಿದೆ. ಬರೆಯುವ ಮುನ್ನ ಅವರು ಸಾವಿರಾರು ವಚನಗಳನ್ನು ಓದಿ ಮೈಗೂಡಿಸಿಕೊಂಡಿದ್ದರು. ಹಾಗಿಲ್ಲದೆ ಪ್ರಶ್ನೆಗೆ ತಕ್ಕ ಉತ್ತರ ನೆನಪಿಗೆ ಬರುವಂತಿಲ್ಲ. ತಮಗೆ ಬರೆಯಲು ಬರುತ್ತಿದ್ದರೂ ಬರೆಯದೆ ಉಳಿದರು. ಹಿಂದಿನವರ ಕೃತಿಯಲ್ಲಿ ಕೊರತೆ ಕಂಡಾಗ ದೂರುತ್ತ ಕೂರದೆ ಮತ್ತೆ ಕಟ್ಟಿದರು. ತಮ್ಮ ಕೃತಿಯನ್ನೂ ಮುಂದಿನವರು ಹಾಗೆಯೇ ಕಟ್ಟುವುದಕ್ಕೆ ತೆರೆದಿಟ್ಟರು. ಶರಣರು ಕಾಯಕದಲ್ಲಿ ಬೇಡಿದ ಸತ್ಯಶುದ್ಧತೆ ನೇಯುವ ಕೈಗೂ ಹೊಲಿಯುವ ಕೈಗೂ ಮಾತ್ರ ಅನ್ವಯಿಸುವಂಥದಲ್ಲ. ಕಂಠವನ್ನು ಹಿಡಿದು ಓಲೆಯ ಮೇಲೆ ಅಕ್ಷರ ಕೊರೆದ ಕೈಗೂ ಅದೇ ಅಳತೆ. ಆ ಅಳತೆಗೆ ತಮ್ಮನ್ನು ಒಡ್ಡಿಕೊಂಡವರೆಂದೇ ಶೂನ್ಯಸಂಪಾದನಕಾರರ ಗುಣವೂ ದೋಷವೂ ಇಂದಿಗೂ ಚರ್ಚೆಗೆ ಯೋಗ್ಯವಾಗಿ ಉಳಿದಿವೆ.