ಬರೋವಿಯಾದಲ್ಲಿ ಯಾರೊಡನೆ ಮಾತಾಡುವುದು?

ದೆವ್ವದ ಸಿನಿಮಾ ತೆಗೆಯುವವರಿಗೆ ಇರುವ ಒಂದು ಅನುಕೂಲ ರೋಲ್‌ಪ್ಲೇಯಿಂಗ್ ಆಟ ನಡೆಸುವವರಿಗೆ ಇಲ್ಲ. ಪಾಳುಬಿದ್ದ ಬಂಗಲೆಯೊಳಗೆ ಎರಡು ನಿಮಿಷ ಕ್ಯಾಮೆರಾ ಸುಮ್ಮನೆ ಸಾಗಿದರೂ ಸಾಕು, ಥಿಯೇಟರಿನಲ್ಲಿ ಕೂತವರ ಎದೆ ಹೊಡೆದುಕೊಳ್ಳುತ್ತದೆ. ಮೇಜಿನ ಸುತ್ತ ಕೂತು ಆಡುವ ಆಟದಲ್ಲಿ ಎರಡು ನಿಮಿಷ ಯಾರೂ ಮಾತಾಡದಿದ್ದರೆ ಒಬ್ಬರು ಫೋನ್ ತೆಗೆಯುತ್ತಾರೆ, ಇನ್ನೊಬ್ಬರು ಚಿಪ್ಸ್ ಪೊಟ್ಟಣಕ್ಕೆ ಕೈ ಹಾಕುತ್ತಾರೆ. ಆಟಗಾರರು ಕೇಳಬೇಕು, ಆಟ ನಡೆಸುವ ಡಂಜನ್ ಮಾಸ್ಟರ್ ಹೇಳಬೇಕು, ಏನಾಗುತ್ತದೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಬೇಕು. ಅಲ್ಲಿಯ ಲೋಕ ಹುಟ್ಟುವುದು ಹೀಗೆ. ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಡಿದ ಮಾತಿನಿಂದ ಕುರುಕ್ಷೇತ್ರ ಎದ್ದು ನಿಲ್ಲಬೇಕು. ಎದುರಿನ ಅರ್ಥಧಾರಿ ಬಾಯಿ ಕಟ್ಟಿ ಕೂತರೆ ಎಂಥ ಕರ್ಣನೂ ಕಳೆಗುಂದುತ್ತಾನೆ.

ಹಾಗಾದರೆ ಜೀವವೇ ಬತ್ತಿಹೋದ, ಪ್ರೇತಗಳೇ ತುಂಬಿರುವ ಲೋಕವನ್ನು ಆಡಿಸುವುದು ಹೇಗೆ? ಅಲ್ಲಿ ಮಾತಿಗೆ ಸಿಗುವವರು ಯಾರು? ಈ ಬಗೆಯ ಆಟಗಳನ್ನೆಲ್ಲ ಈ ಒಂದು ಪ್ರಶ್ನೆಯಿಂದಲೇ ಅಳೆಯಬಹುದು ಎಂಬುದು ನನ್ನ ವಾದ. ಮಂಜು, ಬಾವಲಿ, ಕಿರುಗುಟ್ಟುವ ಬಾಗಿಲು ಯಾರ ಕೈಗೂ ಸಿಗುವ ಸರಕು. ಸತ್ತ ಲೋಕದ ಬಾಯಿಂದ ಮಾತು ಹೊರಡಿಸುವುದೇ ಕಷ್ಟ.

ಪರೀಕ್ಷೆಗೆ ಒಡ್ಡಲು 'ಕರ್ಸ್ ಆಫ್ ಸ್ಟ್ರಾಡ್'ಗಿಂತ ಒಳ್ಳೆಯ ಪುಸ್ತಕವಿಲ್ಲ. 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟದ ಐದನೆಯ ಆವೃತ್ತಿಗಾಗಿ ವಿಜರ್ಡ್ಸ್ ಆಫ್ ದಿ ಕೋಸ್ಟ್ 2016ರಲ್ಲಿ ತಂದ 256 ಪುಟಗಳ ಸಾಹಸಕಥನ ಇದು. ಇದರ ಬೇರು ಇರುವುದು ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ಬರೆದು 1983ರಲ್ಲಿ ಹೊರಬಂದ 'ರೇವನ್‌ಲಾಫ್ಟ್' ಎಂಬ 32 ಪುಟಗಳ ಕಿರುಹೊತ್ತಗೆಯಲ್ಲಿ. ಆ ಹೊತ್ತಗೆ ಹೆಚ್ಚುಕಡಿಮೆ ಒಂದು ಕೋಟೆಯಲ್ಲೇ ಮುಗಿಯುತ್ತಿತ್ತು. ಕ್ರಿಸ್ ಪರ್ಕಿನ್ಸ್ ಮುಂದಾಳತ್ವದಲ್ಲಿ ಬಂದ ಹೊಸ ಪುಸ್ತಕ ಕೋಟೆಯ ಸುತ್ತಲಿನ ಬರೋವಿಯಾ ಕಣಿವೆಯನ್ನೆಲ್ಲ ತೆರೆದಿಟ್ಟಿತು.

ಕಥೆ ಹಳೆಯ ಗೋಥಿಕ್ ಜಾಡಿನದು. ಕಣಿವೆಯನ್ನು ಗೆದ್ದ ಸ್ಟ್ರಾಡ್ ತನ್ನ ತಮ್ಮ ಸೆರ್ಗೈ ಕೈಹಿಡಿಯಬೇಕಿದ್ದ ತಾತ್ಯಾನಾಳ ಮೇಲೆ ಮನಸ್ಸಿಡುತ್ತಾನೆ. ದುಷ್ಟಶಕ್ತಿಗಳೊಡನೆ ಒಪ್ಪಂದ ಮಾಡಿಕೊಂಡು, ಮದುವೆಯ ದಿನವೇ ತಮ್ಮನನ್ನು ಕೊಂದು ರಕ್ತಪಿಶಾಚಿಯಾಗುತ್ತಾನೆ. ಅವಳು ಕೋಟೆಯಿಂದ ಕೆಳಗೆ ಹಾರಿಕೊಳ್ಳುತ್ತಾಳೆ. ಅಂದಿನಿಂದ ನಾಡನ್ನು ಮಂಜು ಸುತ್ತುವರಿದಿದೆ. ಸೂರ್ಯ ಎಂದೂ ಪೂರ್ತಿ ಬೆಳಗುವುದಿಲ್ಲ, ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ. ಸತ್ತವರ ಆತ್ಮಕ್ಕೂ ಬಿಡುಗಡೆಯಿಲ್ಲ, ಅದು ಮತ್ತೊಂದು ಹಸುಗೂಸಿನ ಮೈ ಸಿಗುವವರೆಗೆ ಅಲ್ಲೇ ಕಾಯಬೇಕು.

ಇಷ್ಟಾದರೆ ವಾತಾವರಣ ಮಾತ್ರ. ಪುಸ್ತಕದ ನಿಜವಾದ ಕಲ್ಪಕತೆ ಒಂದು ಸಣ್ಣ ನಿಯಮದಲ್ಲಿದೆ. ಬರೋವಿಯಾದ ಜನರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಮಾತ್ರ ಆತ್ಮವಿದೆ. ಉಳಿದವರು ಸ್ಟ್ರಾಡ್‌ನ ಮನಸ್ಸಿನಿಂದ ಮೂಡಿದ ಪೊಳ್ಳು ದೇಹಗಳು: ಉಣ್ಣುತ್ತಾರೆ, ದುಡಿಯುತ್ತಾರೆ, ಹೆದರುತ್ತಾರೆ, ಆದರೆ ಕನಸು ಕಟ್ಟುವುದಿಲ್ಲ. ಬಣ್ಣದ ಬಟ್ಟೆ ತೊಡುವ ಚಪಲ, ತನ್ನದೇ ಒಂದು ಠೀವಿ ಇರುವುದು ಆತ್ಮವುಳ್ಳವರಿಗೆ ಮಾತ್ರ. ಸ್ಟ್ರಾಡ್‌ನ ಹಸಿವು ಇಂಗುವುದೂ ಅವರ ರಕ್ತದಿಂದಲೇ.

ಬರೋವಿಯಾ ಹಳ್ಳಿಯ ಹೆಂಡದಂಗಡಿಗೆ ಹೋಗಿ ನೋಡಿ. ಗಲ್ಲಾದ ಹಿಂದೆ ಅರಿಕ್ ಎಂಬವನು ನಿಂತಿದ್ದಾನೆ. ಲೋಟ ಒರೆಸುತ್ತಾನೆ, ಕೆಳಗಿಡುತ್ತಾನೆ, ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಮಾತಾಡಿಸಿದರೆ ಏನು ಬೇಕೆಂದು ಸಪ್ಪೆ ದನಿಯಲ್ಲಿ ಕೇಳುತ್ತಾನೆ. ಅದಕ್ಕಿಂತ ಹೆಚ್ಚಿನದು ಅವನಿಂದ ಹೊರಡುವುದಿಲ್ಲ. ಗಾಳಿಸುದ್ದಿ ಕೆದಕಲು ಹೆಂಡದಂಗಡಿಗೆ ಹೋಗುವುದು ಈ ಆಟದವರ ಹಳೆಯ ಚಾಳಿ. ಆ ಚಾಳಿಗೆ ಇಲ್ಲಿ ಪೆಟ್ಟು ಬೀಳುತ್ತದೆ. ಡಂಜನ್ ಮಾಸ್ಟರ್ ಇಲ್ಲಿ ಸುಮ್ಮನಿರಬೇಕಾಗಿಲ್ಲ. ಅರಿಕ್‌ನ ಬಾಯಲ್ಲಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಆಡಿಸಿದರೆ ಸಾಕು, ಮೇಜಿನ ಸುತ್ತ ನಗು ನಿಲ್ಲುತ್ತದೆ. ಮಾತಿನೊಳಗೇ ಸಾವನ್ನು ತೋರಿಸುವ ಉಪಾಯ ಇದು, ಮತ್ತು ಸಿನಿಮಾಕ್ಕೆ ಇದು ಇಷ್ಟು ಚೆನ್ನಾಗಿ ದಕ್ಕದು. ಸಿನಿಮಾದಲ್ಲಿ ಪ್ರಶ್ನೆ ಕೇಳುವವನು ಪಾತ್ರಧಾರಿ, ಇಲ್ಲಿ ಕೇಳಿ ಪೆಚ್ಚಾಗುವವರು ನಾವೇ.

ಇದಕ್ಕಿಂತ ಒಂದು ಕೈ ಮೇಲಾದ ದೃಶ್ಯ ಅದೇ ಹಳ್ಳಿಯ ಮಧ್ಯರಾತ್ರಿಯದು. ಸ್ಮಶಾನದಿಂದ ಪ್ರೇತಗಳ ಸಾಲೊಂದು ಎದ್ದು ಕೋಟೆಯ ಕಡೆ ಹೊರಡುತ್ತದೆ. ಅವರೆಲ್ಲ ಹಿಂದೆ ಸ್ಟ್ರಾಡ್‌ನನ್ನು ಕೊಲ್ಲಲು ಬಂದು ಮಡಿದ ಸಾಹಸಿಗಳು. ರಾತ್ರಿ ರಾತ್ರಿಯೂ ಅದೇ ದಾರಿ, ಅದೇ ಸೋಲು. ಬದುಕಿರುವವರತ್ತ ಅವರು ತಿರುಗಿಯೂ ನೋಡುವುದಿಲ್ಲ. ಕತ್ತಿ ಹಿರಿಯಲು ಶತ್ರುವಿಲ್ಲ, ಬಿಡಿಸಲು ಒಗಟಿಲ್ಲ. ಆದರೂ ಇದನ್ನು ಕಂಡ ಆಟಗಾರರು ತಮ್ಮತಮ್ಮೊಳಗೇ ಮಾತಿಗೆ ತೊಡಗುತ್ತಾರೆ: ಇವರು ಎಷ್ಟು ಜನ, ಎಂಥ ಆಯುಧ ಹಿಡಿದಿದ್ದರು, ಎಲ್ಲಿ ಎಡವಿದರು, ನಾವು ಅವರಿಗಿಂತ ಯಾವುದರಲ್ಲಿ ಮೇಲು? ಲೋಕ ಉತ್ತರ ಕೊಡದಿದ್ದಾಗ ಪ್ರಶ್ನೆ ಆಟಗಾರರ ಮೇಲೇ ತಿರುಗುವಂತೆ ಮಾಡುವುದು ಬಹಳ ಒಳ್ಳೆಯ ಕಸುಬುದಾರಿಕೆ.

ಇನ್ನು ಸ್ವತಃ ಸ್ಟ್ರಾಡ್. ಹೆಚ್ಚಿನ ಸಾಹಸಕಥನಗಳಲ್ಲಿ ಖಳನಾಯಕ ಕೊನೆಯ ಕೋಣೆಯಲ್ಲಿ ಕಾಯುತ್ತಾ ಕೂತಿರುತ್ತಾನೆ. ಇವನು ಹಾಗಲ್ಲ, ಮೊದಲಿಂದಲೇ ಬೆನ್ನು ಹತ್ತುತ್ತಾನೆ. ದಾರಿಯಲ್ಲಿ ಎದುರಾಗುತ್ತಾನೆ, ಬಲ ನೋಡಿ ಹಿಂದೆ ಸರಿಯುತ್ತಾನೆ, ಕೋಟೆಗೆ ಊಟಕ್ಕೆ ಬನ್ನಿ ಎಂದು ಪತ್ರ ಕಳಿಸುತ್ತಾನೆ. ಹತ್ತರಲ್ಲಿ ಒಂಬತ್ತು ಮಂದಿ ಪೊಳ್ಳಾಗಿರುವ ನಾಡಿನಲ್ಲಿ ನಾಲ್ಕು ಮಾತು ನೆಟ್ಟಗೆ ಆಡಬಲ್ಲವನು, ಮರ್ಯಾದೆ ಬಲ್ಲವನು ಈ ಕೊಲೆಗಡುಕ. ಆಟಗಾರರು ಅವನ ಮಾತಿಗೆ ಕಾಯುವಂತಾಗುತ್ತದೆ, ಹಾಗೆ ಕಾಯುತ್ತಿದ್ದೇವೆಂಬ ಅರಿವಿನಿಂದಲೇ ಕಸಿವಿಸಿಯಾಗುತ್ತದೆ. ಗಂಟು ಇನ್ನಷ್ಟು ಬಿಗಿಯಲು ಮದಾಮ್ ಈವಾಳ ಇಸ್ಪೀಟಿನ ಕಣಿ ಇದೆ. ಅವನನ್ನು ಮಣಿಸುವ ಮೂರು ವಸ್ತುಗಳು ಎಲ್ಲಿವೆ, ನೆರವಿಗೆ ಯಾರು, ಅವನು ಸಿಗುವುದೆಲ್ಲಿ ಎಂಬುದನ್ನು ಐದು ಎಲೆಗಳು ತೀರ್ಮಾನಿಸುತ್ತವೆ. ಇದು 1983ರ ಹೊತ್ತಗೆಯಿಂದಲೇ ಬಂದ ಬಳುವಳಿ. ಹೀಗಾಗಿ ಒಂದು ಗುಂಪಿನ ಬರೋವಿಯಾ ಇನ್ನೊಂದರ ಹಾಗಿರುವುದಿಲ್ಲ.

ಹೊಗಳಿಕೆ ಇಲ್ಲಿಗೆ ನಿಲ್ಲಬೇಕು, ಏಕೆಂದರೆ ನಡುಭಾಗಕ್ಕೆ ಬರುವಾಗ ಪುಸ್ತಕ ತನ್ನ ಬಂಡವಾಳವನ್ನು ತಾನೇ ಮರೆಯುತ್ತದೆ. ವಲ್ಲಾಕಿ ಎಂಬ ಪೇಟೆಯಲ್ಲಿ ಪಾಳೆಯಗಾರನಿಗೆ ಒಂದು ಹುಚ್ಚು: ಜನ ಸದಾ ನಗುತ್ತಿದ್ದರೆ ಸ್ಟ್ರಾಡ್‌ನ ಹಿಡಿತ ಸಡಿಲುತ್ತದಂತೆ. ಅದಕ್ಕೆ ಮೇಲಿಂದ ಮೇಲೆ ಹಬ್ಬ ಮಾಡಿಸುತ್ತಾನೆ, ಮುಖ ಸಿಂಡರಿಸಿದವರ ತಲೆಗೆ ಕತ್ತೆಯ ಮುಖವಾಡ ತೊಡಿಸಿ ಚೌಕದಲ್ಲಿ ನಿಲ್ಲಿಸುತ್ತಾನೆ. ಅದ್ಭುತ ಕಲ್ಪನೆ. ಆದರೆ ಅದೇ ಪೇಟೆಯಲ್ಲಿ ಶವಪೆಟ್ಟಿಗೆ ಮಾಡುವವನ ಮಾಳಿಗೆಯಲ್ಲಿ ರಕ್ತಪಿಶಾಚಿಗಳ ಹಿಂಡು, ಗಣ್ಯರ ಮನೆಯ ನೆಲಮಾಳಿಗೆಯಲ್ಲಿ ಸೈತಾನನ ಪೂಜೆ, ಚರ್ಚಿನಿಂದ ಕಳುವಾದ ಅಸ್ಥಿ. ಊರಾಚೆ ಗಾಳಿಗಿರಣಿಯಲ್ಲಿ, ತಿಂದರೆ ಸಿಹಿಗನಸು ಬೀಳುವ ಪೇಸ್ಟ್ರಿಗಾಗಿ ಮಕ್ಕಳನ್ನು ಅರೆಯುವ ಮಾಟಗಾತಿಯರು. ಬಾಗಿಲು ತೆರೆದಲ್ಲೆಲ್ಲ ಭೀಕರವಾದರೆ ಯಾವ ಬಾಗಿಲೂ ಭೀಕರವಾಗಿ ಉಳಿಯದು. ನಿರ್ಜೀವ ನಾಡು ಗಿಜಿಗುಡುವ ಸಂತೆಯಾಗುತ್ತದೆ.

ಆತ್ಮವಿಲ್ಲದವರ ನಿಯಮಕ್ಕೂ ಆದದ್ದು ಅದೇ. ಆರಂಭದಲ್ಲಿ ವಿವರಿಸಿ, ಮುಂದೆ ಅಲ್ಲೊಂದು ಇಲ್ಲೊಂದು ಪಾತ್ರಕ್ಕೆ ಅಂಟಿಸಿ ಕೈಬಿಟ್ಟಿದ್ದಾರೆ. ಅದನ್ನು ಉಳಿಸಿಕೊಳ್ಳುವ ಹೊಣೆ ಆಟ ನಡೆಸುವವರ ಮೇಲೆ ಬಿದ್ದಿದೆ. ಹೊಸಿಲ ಮೇಲೆ ಕೂತ ಹೆಂಗಸನ್ನು ದಾರಿ ಕೇಳಿದರೆ ಸರಿಯಾಗಿಯೇ ಹೇಳಲಿ, ಮಕ್ಕಳ ಹೆಸರು ಕೇಳಿದರೂ ಹೇಳಲಿ, ಅವರಲ್ಲಿ ತುಂಟ ಯಾರೆಂದು ಕೇಳಿದಾಗ ಅವಳಿಗೆ ಉತ್ತರ ತೋಚದಿರಲಿ. ಇಂಥ ನಾಲ್ಕೈದು ಪ್ರಶ್ನೆಗಳನ್ನು ಪುಸ್ತಕವೇ ಕೊಟ್ಟಿದ್ದರೆ ಹತ್ತು ಪುಟಗಳ ರಾಕ್ಷಸರನ್ನು ಬಿಟ್ಟುಕೊಡಬಹುದಿತ್ತು.

ಇನ್ನೊಂದು ಕೊರತೆ ಹೆಚ್ಚು ಗಂಭೀರ. ಮಂಜನ್ನು ದಾಟಿ ಹೋಗಿಬರಬಲ್ಲವರು ವಿಸ್ತಾನಿ ಎಂಬ ಅಲೆಮಾರಿಗಳು. ಬತ್ತಿದ ನಾಡಿನಲ್ಲಿ ಹಾಡು, ಬೆಂಕಿ, ಕಥೆ ಉಳಿದಿರುವುದು ಅವರ ಬಿಡಾರದಲ್ಲಿ. ಅಂಥವರನ್ನು 2016ರ ಪುಸ್ತಕ ಕುಡುಕರು, ನಂಬಿಕೆಗೆ ಅನರ್ಹರು, ಸ್ಟ್ರಾಡ್‌ನ ಚಾಕರರು ಎಂದು ಬಿಡಿಸಿತು. ಯುರೋಪಿನ ರೋಮಾ ಜನರ ಮೇಲೆ ಶತಮಾನಗಳಿಂದ ಹೊರಿಸಿದ ಅಪವಾದಗಳನ್ನೇ ಇಲ್ಲಿ ಮತ್ತೆ ಅಚ್ಚು ಹಾಕಿದಂತಾಯಿತು. 2020ರಲ್ಲಿ ಪ್ರಕಾಶಕರು ಇದನ್ನು ಒಪ್ಪಿಕೊಂಡು ಮರುಮುದ್ರಣದಲ್ಲಿ ತಿದ್ದಿದರು. ತಿದ್ದಿದ್ದು ನ್ಯಾಯ. ಆದರೆ ಇದು ಕಲೆಯ ದೋಷವೂ ಹೌದು. ಜೀವಂತಿಕೆಗೆ ಉಳಿದಿರುವ ಒಂದೇ ಮೂಲೆಯನ್ನು ಸವಕಲು ಅಚ್ಚಿನಲ್ಲಿ ಎರೆದರೆ ಅಲ್ಲಿಯೂ ಮಾತಾಡಿಸಲು ಯಾರೂ ಉಳಿಯುವುದಿಲ್ಲ.

ಇದೇ ಪ್ರಶ್ನೆಗೆ ಬೇರೆ ದಾರಿ ಹಿಡಿದದ್ದು ಸ್ಟೀಫನ್ ಡ್ಯೂಯಿ ಅವರ 'ಟೆನ್ ಕ್ಯಾಂಡಲ್ಸ್' (2015). ಆಕಾಶ ಕಪ್ಪಾಗಿದೆ, ಕತ್ತಲಲ್ಲಿ ಏನೋ ಬಂದಿದೆ, ಉಳಿದಿರುವುದು ಕೆಲವೇ ಜನ. ಅವರೂ ಕೊನೆಗೆ ಸಾಯುತ್ತಾರೆಂಬುದು ಮೊದಲೇ ಎಲ್ಲರಿಗೂ ಗೊತ್ತು. ಕೋಣೆಯ ದೀಪ ಆರಿಸಿ ಮೇಜಿನ ಮೇಲೆ ಹತ್ತು ಪುಟ್ಟ ಮೇಣದಬತ್ತಿ ಹಚ್ಚುತ್ತಾರೆ. ದಾಳ ಕೈಕೊಟ್ಟಾಗ ಒಂದು ಬತ್ತಿ ಆರುತ್ತದೆ, ದೃಶ್ಯ ಮುಗಿಯುತ್ತದೆ. ಆಮೇಲೆ ಆಟಗಾರರು ಸರದಿಯಂತೆ ಲೋಕದ ಬಗ್ಗೆ ಒಂದೊಂದು ಸತ್ಯ ಹೇಳಬೇಕು. ಆಡಿದ್ದು ಆಟದಲ್ಲಿ ನಿಜವಾಗುತ್ತದೆ. ಎಷ್ಟು ಬತ್ತಿ ಉರಿಯುತ್ತಿದೆಯೋ ಅಷ್ಟೇ ಸತ್ಯ. ಆಟ ಸಾಗಿದಂತೆ ಆಟಗಾರರ ದಾಳ ಕಡಿಮೆಯಾಗುತ್ತದೆ, ಹೇಳಬಹುದಾದ ಮಾತೂ ಕಡಿಮೆಯಾಗುತ್ತದೆ. ಲೋಕ ಮೂಕವಾಗುವುದನ್ನು ಬಣ್ಣಿಸುವ ಬದಲು ನಿಯಮದಿಂದಲೇ ಆಗಿಸಿದ ಈ ಚುರುಕುತನದ ಮುಂದೆ ಬರೋವಿಯಾದ 256 ಪುಟ ಒರಟಾಗಿ ಕಾಣುತ್ತದೆ. ಇದರ ಮಿತಿಯೂ ಸ್ಪಷ್ಟ. ಒಂದು ಸಂಜೆಗೆ ಕಥೆ ಮುಗಿಯಿತು. ಒಂದು ಊರನ್ನು ಹಚ್ಚಿಕೊಂಡು, ಅದು ಕೈಜಾರುವುದನ್ನು ತಿಂಗಳುಗಟ್ಟಲೆ ನೋಡುವ ಸಂಕಟ ಇಲ್ಲಿಲ್ಲ.

ಮೂರನೆಯ ದಾರಿ ವೈಟ್ ವುಲ್ಫ್ ಸಂಸ್ಥೆಯ 'ರೇತ್: ದಿ ಒಬ್ಲಿವಿಯನ್' (1994) ತುಳಿದದ್ದು. ಅಲ್ಲಿ ಆಟಗಾರರೇ ಸತ್ತವರು. ಪ್ರತಿಯೊಬ್ಬರ ಒಳಗಿನ ಕರಾಳ ಮುಖವನ್ನು ಪಕ್ಕದಲ್ಲಿ ಕೂತ ಆಟಗಾರ ಆಡುತ್ತಾನೆ, ಸಮಯ ನೋಡಿ ಕಿವಿಯಲ್ಲಿ ವಿಷ ಸುರಿಯುತ್ತಾನೆ. ಹೊರಗೆ ಯಾರೂ ಇಲ್ಲದಿದ್ದರೂ ಮಾತಿಗೆ ಬರವಿಲ್ಲ. ಯೋಚನೆ ಧೀಮಂತವಾದದ್ದು. ಆದರೆ ಗೆಳೆಯರ ಮೇಲೆ ಇಷ್ಟು ಭಾರ ಹಾಕುವ ಆಟ ಕೂಡಿಬರುವುದು ಅಪರೂಪ. ಪಕ್ಕದವನು ನಾಚಿಕೊಂಡರೆ ಕಥೆ ಕುಂಟುತ್ತದೆ, ಮಿತಿಮೀರಿದರೆ ಮನಸ್ತಾಪ ಉಳಿಯುತ್ತದೆ.

ಮೂರನ್ನೂ ಎದುರುಬದುರು ಇಟ್ಟರೆ ನನ್ನ ತೂಕ ಹೀಗೆ. ರಚನೆಯ ಬಿಗಿಯಲ್ಲಿ 'ಟೆನ್ ಕ್ಯಾಂಡಲ್ಸ್' ಎಲ್ಲಕ್ಕಿಂತ ಮುಂದೆ. ಧೈರ್ಯದಲ್ಲಿ 'ರೇತ್'. ದೀರ್ಘಕಾಲ ಬದುಕಬಲ್ಲ ಸತ್ತ ಲೋಕವೊಂದನ್ನು ಕೊಟ್ಟದ್ದು ಮಾತ್ರ 'ಕರ್ಸ್ ಆಫ್ ಸ್ಟ್ರಾಡ್'. ಅದನ್ನು ಆಡಿಸಹೊರಟವರು ಕತ್ತರಿ ಹಿಡಿದೇ ಓದಬೇಕು. ಮಕ್ಕಳಿಗೆ ಸಂಬಂಧಿಸಿದ ಭೀಕರ ವಿವರಗಳು ಇರುವುದರಿಂದ ಏನು ಇರಲಿ, ಏನು ಬೇಡ ಎಂದು ಎಲ್ಲರನ್ನೂ ಕೇಳಿಕೊಂಡೇ ಆಟ ಶುರುಮಾಡಬೇಕು. ವಲ್ಲಾಕಿಯ ನಾಲ್ಕು ಸಂಚುಗಳಲ್ಲಿ ಒಂದನ್ನು ಇಟ್ಟುಕೊಂಡರೆ ಸಾಕು. ಊರಿಗೊಬ್ಬರೋ ಇಬ್ಬರೋ ಆತ್ಮವುಳ್ಳವರನ್ನು ಮೊದಲೇ ಗುರುತು ಹಾಕಿಕೊಂಡು ಅವರಿಗೆ ಹೆಸರು, ಹಟ, ಬಣ್ಣ ಕೊಡಬೇಕು. ಆಗ ಅವರಲ್ಲಿ ಒಬ್ಬರು ಹೋದರೂ ಮೇಜಿನ ಸುತ್ತ ಕೂತವರಿಗೆ ತಟ್ಟುತ್ತದೆ, ಮಾತಾಡಿಸಲು ಇದ್ದ ಒಂದು ಜೀವ ಕಡಿಮೆಯಾಯಿತೆಂದು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.