ತಂತಿ ಕಡಿದಾಗ ಹುಟ್ಟಿದ ಮಾತು: 1857ರ ವದಂತಿಗಳೂ ಇತಿಹಾಸಕಾರರೂ

ಕಂಡದ್ದನ್ನು ಹೇಳುವ ರೀತಿಯೊಂದು, ಕೇಳಿದ್ದನ್ನು ಹೇಳುವ ರೀತಿ ಮತ್ತೊಂದು. 'ದಂಡು ಬಂದಿತು' ಎಂದವನು ತನ್ನ ಮಾತಿಗೆ ತಾನೇ ಹೊಣೆ. 'ದಂಡು ಬಂದಿತಂತೆ' ಎಂದವನು ಆ ಹೊಣೆಯನ್ನು ಹೆಸರಿಲ್ಲದ ಇನ್ನೊಬ್ಬನ ಹೆಗಲಿಗೆ ಸಾಗಿಸಿರುತ್ತಾನೆ. ಕನ್ನಡಿಗನು ದಿನಬಳಕೆಯಲ್ಲಿ ಅನಾಯಾಸವಾಗಿ ಪಾಲಿಸುವ ಈ ಭೇದವನ್ನು ಇತಿಹಾಸ ಬರೆದವರೆಲ್ಲ ಪಾಲಿಸಿದ್ದಾರೆಂದು ಹೇಳುವಂತಿಲ್ಲ. ಅವರಲ್ಲಿ ಹಲವರು ಒಂದು ಪಕ್ಷದ 'ಅಂತೆ'ಯನ್ನು ವದಂತಿಯೆಂದೂ ಇನ್ನೊಂದು ಪಕ್ಷದ 'ಅಂತೆ'ಯನ್ನು ಸಮಾಚಾರವೆಂದೂ ಕರೆದುಬಿಟ್ಟಿದ್ದಾರೆ. 1857ರ ಬಂಡಾಯದಲ್ಲಿ ತಂತಿಯ ಮಾರ್ಗಗಳು ಕಡಿದುಹೋದಾಗ ಎದ್ದ ಊಹಾಪೋಹಗಳನ್ನೂ ಅವುಗಳನ್ನು ಕುರಿತ ಬರಹಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪಕ್ಷಪಾತವು ಸ್ಪಷ್ಟವಾಗುತ್ತದೆ.

ಮೊದಲು ಘಟನೆಯ ರೂಪರೇಖೆಯನ್ನು ನೆನೆಯುವುದು ಉಚಿತ. ಹಿಂದೂಸ್ತಾನದಲ್ಲಿ ತಂತಿಯ ಮೊದಲ ಮಾರ್ಗವು 1851ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ನಡೆಯತೊಡಗಿತು. ಓಶಾನೆಸಿ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಅದು ಆಗ್ರಾ, ಮುಂಬಯಿ, ಮದರಾಸುಗಳವರೆಗೂ ಬೆಳೆದು, 1855ರಲ್ಲಿ ಸಾರ್ವಜನಿಕರ ಬಳಕೆಗೆ ತೆರೆಯಿತು. ಎರಡೇ ವರ್ಷಗಳ ತರುವಾಯ, 1857ರ ಮೇ 10ರ ಭಾನುವಾರ, ಮೀರತ್ತಿನ ಸಿಪಾಯಿಗಳು ತಿರುಗಿ ಬಿದ್ದರು. ಮೀರತ್ತಿಗೂ ದೆಹಲಿಗೂ ಇದ್ದ ತಂತಿ ಮೂಕವಾಯಿತು. ಮರುದಿನ ಬೆಳಗ್ಗೆ ಕಾರಣವನ್ನು ತಿಳಿಯಲೆಂದು ಹೊರಟ ದೆಹಲಿಯ ತಂತಿ ಕಚೇರಿಯ ಮುಖ್ಯಸ್ಥ ಟಾಡ್ ಹಿಂದಿರುಗಲಿಲ್ಲ, ದಾರಿಯಲ್ಲೇ ಹತನಾದನು. ಕಚೇರಿಯಲ್ಲಿ ಉಳಿದಿದ್ದ ಬ್ರೆಂಡಿಶ್, ಪಿಲ್ಕಿಂಗ್ಟನ್ ಎಂಬ ಇಬ್ಬರು ತರುಣರು, ಇನ್ನೂ ಜೀವಂತವಾಗಿದ್ದ ಅಂಬಾಲೆಯ ತಂತಿಯಲ್ಲಿ ಸುದ್ದಿಯನ್ನು ಕಳುಹಿಸಿ ಊರು ಬಿಟ್ಟರು. ಆ ಸುದ್ದಿ ಲಾಹೋರನ್ನು ಮುಟ್ಟಿದುದರಿಂದಲೇ ಮೇ 13ರಂದು ಮಿಯಾನ್ ಮೀರ್ ದಂಡುಪ್ರದೇಶದ ಸಿಪಾಯಿಗಳ ಆಯುಧಗಳನ್ನು ಮುಂಚಿತವಾಗಿ ಕಿತ್ತುಕೊಳ್ಳುವುದು ಸಾಧ್ಯವಾಯಿತು.

ವಿದ್ಯುತ್ ತಂತಿಯೇ ಹಿಂದೂಸ್ತಾನವನ್ನು ಉಳಿಸಿತೆಂಬ ಮಾತನ್ನು ಪಂಜಾಬಿನ ಅಧಿಕಾರಿ ರಾಬರ್ಟ್ ಮಾಂಟ್‌ಗೊಮೆರಿಯ ಹೆಸರಿನಲ್ಲಿ ಹೇಳುವುದು ಈ ಹಿನ್ನೆಲೆಯಲ್ಲಿ. 1902ರಲ್ಲಿ ದೆಹಲಿಯ ಕಾಶ್ಮೀರಿ ಬಾಗಿಲಿನ ಹತ್ತಿರ ನಿಲ್ಲಿಸಿದ ತಂತಿ ಇಲಾಖೆಯ ಸ್ಮಾರಕದಲ್ಲಿಯೂ ಆ ಮಾತು ಸೇರಿಕೊಂಡಿತು. ಇದರ ಜೊತೆಗೇ ಇನ್ನೊಂದು ಕಥೆಯೂ ಪ್ರಚಾರದಲ್ಲಿದೆ. ನೇಣುಗಂಬಕ್ಕೆ ನಡೆಯುತ್ತಿದ್ದ ಸಿಪಾಯಿಯೊಬ್ಬನು ತಂತಿಯ ಕಡೆಗೆ ಕೈಮಾಡಿ, ತಮ್ಮ ಕೊರಳನ್ನು ಬಿಗಿದ ಹಗ್ಗ ಅದೇ ಎಂದನಂತೆ. ಸಾಮಾನ್ಯವಾಗಿ ಈ ಕಥೆಯನ್ನು ಹೇಳುವಾಗ ಆ ಸಿಪಾಯಿಗೆ ಹೆಸರಿರುವುದಿಲ್ಲ, ಊರಿರುವುದಿಲ್ಲ. ಆಡಿದವನಾರೋ, ಕೇಳಿದವನಾರೋ. ಬಾಜಾರಿನ ಮಾತಿಗೆ ಯಾವ ಲಕ್ಷಣಗಳನ್ನು ಹೇಳುತ್ತಾರೆಯೋ ಆ ಲಕ್ಷಣಗಳೆಲ್ಲ ಇದಕ್ಕೂ ಇವೆ. ಆದರೂ ಇದನ್ನು ವದಂತಿಯೆಂದು ಕರೆದವರು ವಿರಳ. ಆಳುವವರ ಸಾಧನವನ್ನು ಹೊಗಳುವ ಮಾತಾದ್ದರಿಂದ ಇದು ದೃಷ್ಟಾಂತವೆಂಬ ಪದವಿಯನ್ನು ಪಡೆಯಿತು.

ಬಂಡಾಯದ ಬೃಹದಿತಿಹಾಸವನ್ನು 1864ರಿಂದ 1876ರವರೆಗೆ ಮೂರು ಸಂಪುಟಗಳಲ್ಲಿ ಬರೆದ ಜಾನ್ ವಿಲಿಯಂ ಕೇ ವದಂತಿಯ ವಿಷಯದಲ್ಲಿ ಅಲಕ್ಷ್ಯ ತೋರಿದವನಲ್ಲ. ಊರಿಂದೂರಿಗೆ ಸಾಗಿದ ಚಪಾತಿಗಳು, ತೋಟಾಗಳಿಗೆ ಸವರಿದ ಕೊಬ್ಬು, ಹಿಟ್ಟಿಗೆ ಬೆರೆಸಿದರೆಂಬ ಮೂಳೆಯ ಪುಡಿ, ಪ್ಲಾಸಿಯಿಂದ ನೂರು ವರ್ಷಕ್ಕೆ ಕಂಪನಿಯ ಆಳಿಕೆ ಮುಗಿಯುವುದೆಂಬ ಭವಿಷ್ಯವಾಣಿ, ಇವೆಲ್ಲಕ್ಕೂ ಅವನ ಗ್ರಂಥದಲ್ಲಿ ಸ್ಥಾನವಿದೆ. ಸರಕಾರಕ್ಕೆ ತಿಳಿಯುವ ಮೊದಲೇ ಬಾಜಾರಿಗೆ ಸುದ್ದಿ ತಲುಪುವ ವೇಗವನ್ನು ಅವನು ವಿದ್ಯುತ್ತಿನ ವೇಗಕ್ಕೆ ಹೋಲಿಸುತ್ತಾನೆ. ಆದರೆ ಎರಡು ಕೊರತೆಗಳು ಎದ್ದು ಕಾಣುತ್ತವೆ. ಅವನ ಕುತೂಹಲವೆಲ್ಲ ಬಂಡಾಯಕ್ಕೆ ಮುನ್ನ ಹಬ್ಬಿದ ಮಾತುಗಳಲ್ಲಿ. ತಂತಿ ಕಡಿದ ಮೇಲೆ ಹುಟ್ಟಿದವುಗಳಲ್ಲಿ ಅಷ್ಟಿಲ್ಲ. ಎರಡನೆಯದಾಗಿ, ವದಂತಿಯೆಂಬುದು ಅವನಿಗೆ ಪೌರಸ್ತ್ಯ ಸ್ವಭಾವದ ಒಂದು ವಿಚಿತ್ರ ಶಕ್ತಿ. ತಂತಿಯುಳ್ಳವರು ಒಂದು ಕಡೆ, ಪಿಸುಮಾತುಳ್ಳವರು ಇನ್ನೊಂದು ಕಡೆ ಎಂಬ ವಿಭಾಗವನ್ನು ಅವನು ಪ್ರಶ್ನಿಸಿದಂತೆ ಕಾಣುವುದಿಲ್ಲ.

ಈ ವಿಭಾಗವು ನಿಲ್ಲಲಾರದೆಂಬುದಕ್ಕೆ ಕಲ್ಕತ್ತೆಯೇ ಸಾಕ್ಷಿ. ಜೂನ್ ತಿಂಗಳಲ್ಲಿ ಗಂಗಾತೀರದ ಪಟ್ಟಣಗಳ ಸಿಪಾಯಿಗಳು ಒಂದಾದಮೇಲೊಂದರಂತೆ ಎದ್ದಾಗ ರಾಜಧಾನಿಗೆ ವಾಯವ್ಯ ಪ್ರಾಂತಗಳೊಡನೆ ಇದ್ದ ತಂತಿಯ ಸಂಬಂಧ ತಪ್ಪಿತು. ಜೂನ್ 13ರಂದು ಗವರ್ನರ್ ಜನರಲ್ ಕ್ಯಾನಿಂಗ್ ಮುದ್ರಣಾಲಯಗಳಿಗೆ ಲೈಸೆನ್ಸನ್ನು ಕಡ್ಡಾಯ ಮಾಡುವ ಕಾನೂನನ್ನು ಹೊರಡಿಸಿದನು. ಅದು ಇಂಗ್ಲಿಷ್ ಪತ್ರಿಕೆಗಳಿಗೂ ದೇಶಭಾಷಾ ಪತ್ರಿಕೆಗಳಿಗೂ ಸಮವಾಗಿ ಅನ್ವಯಿಸಿತು. ಮರುದಿನವೇ ಆ ಪ್ರಸಿದ್ಧ 'ಗಾಬರಿಯ ಭಾನುವಾರ'. ಬಾರಕ್‌ಪುರದ ಸಿಪಾಯಿಗಳು ಊರಿನ ಮೇಲೆ ನಡೆದು ಬರುತ್ತಿದ್ದಾರಂತೆ, ಗಾರ್ಡನ್ ರೀಚಿನಲ್ಲಿದ್ದ ಅವಧದ ಪದಚ್ಯುತ ನವಾಬನ ಜನ ಅವರನ್ನು ಕೂಡಿಕೊಳ್ಳುತ್ತಾರಂತೆ ಎಂಬ ಮಾತು ಯೂರೋಪಿಯನ್ನರ ಬೀದಿಗಳಲ್ಲಿ ಹಬ್ಬಿತು. ಮ್ಯಾಲಿಸನ್ ಹೆಸರಿಲ್ಲದೆ ಪ್ರಕಟಿಸಿದ, ಹೊದಿಕೆಯ ಬಣ್ಣದಿಂದ 'ಕೆಂಪು ಪುಸ್ತಿಕೆ' ಎನಿಸಿಕೊಂಡ ಬರಹವು ಆ ದಿನದ ಚಿತ್ರವನ್ನು ಕಟುವಾಗಿ ಕೊಡುತ್ತದೆ: ದೊಡ್ಡ ಹುದ್ದೆಯವರು ಪಿಸ್ತೂಲಿಗೆ ಮದ್ದು ತುಂಬುತ್ತಿದ್ದರು, ಮನೆಮಾರು ಬಿಟ್ಟು ನದಿಯಲ್ಲಿದ್ದ ಹಡಗುಗಳನ್ನು ಹತ್ತುತ್ತಿದ್ದರು. ವಾಸ್ತವವಾಗಿ ಬಾರಕ್‌ಪುರದ ಸಿಪಾಯಿಗಳು ಅದೇ ದಿನ ಆಯುಧಗಳನ್ನು ಒಪ್ಪಿಸಿದ್ದರು. ಆದರೂ ಮಾರನೆಯ ದಿನ ವಾಜಿದ್ ಅಲಿ ಶಾಹನನ್ನು ಸೆರೆಹಿಡಿದು ಫೋರ್ಟ್ ವಿಲಿಯಂನಲ್ಲಿ ಇರಿಸಲಾಯಿತು. ಪತ್ರಿಕೆಯ ಬಾಯಿ ಕಟ್ಟಿದ್ದರಿಂದಲೇ ಗಾಬರಿ ಹುಟ್ಟಿತೆನ್ನುವುದು ಅತಿಯಾದೀತು; ಬಾಯಿ ಕಟ್ಟಿದ್ದು ಗಾಬರಿಯನ್ನು ತಡೆಯಲಿಲ್ಲವೆಂಬುದು ಮಾತ್ರ ನಿಶ್ಚಿತ. ಓದುಬರಹ ಬಲ್ಲವರು, ತಂತಿಯ ಒಡೆಯರು, ಆಡಳಿತದ ಸೂತ್ರಧಾರರು, ಒಂದು ಮಧ್ಯಾಹ್ನದಲ್ಲಿ ಬಾಜಾರಿನವರಿಗಿಂತ ಭಿನ್ನರಾಗಿ ಉಳಿಯಲಿಲ್ಲ.

ಲಂಡನ್ನಿನ ಸ್ಥಿತಿಯೂ ಬೇರೆಯಾಗಿರಲಿಲ್ಲ. ಸಮುದ್ರದಡಿಯ ತಂತಿ ಮುಂಬಯಿಗೆ ಬಂದುದು 1870ರಲ್ಲಿ. 1857ರಲ್ಲಿ ಮೀರತ್ತಿನ ಸುದ್ದಿ ಅಲ್ಲಿಗೆ ಮುಟ್ಟಲು ಆರು ವಾರಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ಮೌನವನ್ನು ಅಲ್ಲಿಯ ಪತ್ರಿಕೆಗಳು ಹಿಂಸೆಯ, ಮಾನಭಂಗದ ಕಥೆಗಳಿಂದ ತುಂಬಿದವು. ಕಾನ್ಪುರದಲ್ಲಿ ಹೆಂಗಸರ, ಮಕ್ಕಳ ಕೊಲೆ ನಡೆದುದು ನಿಜ. ಅದಕ್ಕೆ ವದಂತಿಯ ಬೆಂಬಲ ಬೇಕಿರಲಿಲ್ಲ. ಆದರೆ ನಿಜದ ಸುತ್ತ ಕಲ್ಪನೆಯ ಹುತ್ತ ಬೆಳೆಯಿತು. ಆಗ್ರಾದಲ್ಲಿ ಸರಕಾರದ ಗುಪ್ತವಾರ್ತೆಯ ಕೆಲಸ ನೋಡುತ್ತಿದ್ದ ವಿಲಿಯಂ ಮ್ಯೂರ್ ವಿಚಾರಿಸಿದಾಗ ಮಾನಭಂಗದ ಕಥೆಗಳಿಗೆ ಆಧಾರ ದೊರೆಯಲಿಲ್ಲ. ಸೆರೆಹಿಡಿದವರನ್ನು ಕೊಂದು ಬಾವಿಗೆ ಹಾರಿದಳೆಂದು ಇಂಗ್ಲೆಂಡು ಹಾಡಿ ಹೊಗಳಿದ ವೀಲರ್ ಸೇನಾನಿಯ ಮಗಳು ಬದುಕಿಯೇ ಇದ್ದಳೆಂದು ಟ್ರೆವೆಲಿಯನ್ 1865ರಲ್ಲಿ ಬರೆದನು. ಟ್ರೆವೆಲಿಯನ್ನನಿಗೂ ಮೊದಲೇ, 1859ರಲ್ಲಿ, ಎಡ್ವರ್ಡ್ ಲೆಕಿ ಎಂಬಾತ ಬಂಡಾಯದ ಕಟ್ಟುಕಥೆಗಳನ್ನು ಬಯಲಿಗೆಳೆಯುವುದಕ್ಕೆಂದೇ ಒಂದು ಪುಸ್ತಕವನ್ನು ಅಚ್ಚು ಹಾಕಿಸಿದನು. ಅದು ಪ್ರಕಟವಾದುದು ಮುಂಬಯಿಯಲ್ಲಿ ಎಂಬುದು ಈ ನಗರದ ಓದುಗರು ನೆನೆಯತಕ್ಕ ವಿಷಯ. ಪತ್ರಿಕೆಯ ವರದಿಯನ್ನು ಹಿಡಿದು, ಇದನ್ನು ಕಂಡವರು ಯಾರು, ಹೇಳಿದವರು ಯಾರು ಎಂದು ಕೇಳುವುದೇ ಅವನ ಕ್ರಮ. ಆ ಪ್ರಶ್ನೆಗೆ ಉತ್ತರ ಸಿಗದಿದ್ದಲ್ಲಿ ಕಥೆ ಕುಸಿಯುತ್ತದೆ. ಕೇಯ ಪಾಂಡಿತ್ಯ ಲೆಕಿಗಿರಲಿಲ್ಲ. ಆದರೆ ತನ್ನ ಪಕ್ಷದ 'ಅಂತೆ'ಯನ್ನೂ 'ಅಂತೆ' ಎಂದೇ ಕರೆಯುವ ಧೈರ್ಯ ಅವನಿಗಿತ್ತು.

ಇನ್ನೊಂದು ಪಕ್ಷದಲ್ಲಿ ಅಂಥ ಪ್ರಾಮಾಣಿಕತೆಗೆ ಉದಾಹರಣೆ ವಿಷ್ಣುಭಟ್ಟ ಗೋಡಸೆಯವರ ಮರಾಠಿ ಗ್ರಂಥ 'ಮಾಝಾ ಪ್ರವಾಸ'. ಕೊಂಕಣದ ವರಸಈಯ ಈ ಬಡ ವೈದಿಕರು ದಕ್ಷಿಣೆಯ ಆಸೆಯಿಂದ ಉತ್ತರಕ್ಕೆ ಹೊರಟು ಬಂಡಾಯದ ನಡುವೆ ಸಿಕ್ಕಿಕೊಂಡರು. ಝಾನ್ಸಿಯ ಮುತ್ತಿಗೆಯನ್ನು ಕೋಟೆಯೂರಿನೊಳಗೇ ಇದ್ದು ಕಂಡರು. ಅವರ ಬರಹ ಅಚ್ಚಾದುದು 1907ರಲ್ಲಿ. ಮಹೂ ಹತ್ತಿರ ಸಿಪಾಯಿಗಳು ಅವರಿಗೆ ಹೇಳಿದ ಸಂಗತಿ ಗಮನಾರ್ಹ: ಕಂಪನಿಯವರು ರಾಜರನ್ನು ಕಲ್ಕತ್ತೆಗೆ ಕರೆಸಿ ಧರ್ಮವನ್ನು ಕೆಡಿಸುವ ಕಟ್ಟಳೆಗಳ ಪಟ್ಟಿಯೊಂದನ್ನು ಮುಂದಿಟ್ಟರಂತೆ. ಅಂಥ ಸಭೆ ನಡೆದಿರಲಿಲ್ಲ. ಆದರೆ ಗೋಡಸೆಯವರು ಅದನ್ನು ಸಿಪಾಯಿಗಳ ಬಾಯಿಂದ ಬಂದ ಮಾತೆಂದೇ ಬರೆದುದರಿಂದ ಓದುಗನಿಗೆ ಎರಡು ಲಾಭಗಳುಂಟು. ಸಭೆ ನಡೆಯಿತೆಂಬ ಭ್ರಮೆ ಹುಟ್ಟುವುದಿಲ್ಲ. ಸಿಪಾಯಿಗಳ ಅಂಜಿಕೆ ಏನಿತ್ತೆಂಬುದು ತಿಳಿಯುತ್ತದೆ. ರಾಜ್ಯಗಳನ್ನು ಒಂದೊಂದಾಗಿ ನುಂಗಿದ ಸರಕಾರವು ಧರ್ಮವನ್ನೂ ನುಂಗೀತೆಂದು ಅವರು ಅಂಜಿದ್ದರು. ಸುಳ್ಳು ಸಂಗತಿಯೊಂದು ನಿಜವಾದ ಅಂಜಿಕೆಯನ್ನು ಹೊತ್ತು ತಂದಿತ್ತು.

ನಮ್ಮ ಕಾಲದ ವಿದ್ವಾಂಸರಲ್ಲಿ ರಣಜಿತ್ ಗುಹಾ 1983ರ ತಮ್ಮ ಗ್ರಂಥದಲ್ಲಿ ವದಂತಿಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟರು. ವದಂತಿಗೆ ಕರ್ತೃವಿಲ್ಲ, ಕೇಳಿದ ಪ್ರತಿಯೊಬ್ಬನೂ ಅದನ್ನು ಮುಂದಕ್ಕೆ ಸಾಗಿಸುವಾಗ ಅದರ ಕರ್ತೃವಾಗುತ್ತಾನೆ, ಅಕ್ಷರವಿಲ್ಲದ ಸಮಾಜದಲ್ಲಿ ಬಂಡಾಯವನ್ನು ಹಬ್ಬಿಸಿದ ವಾಹನ ಅದೇ. ಅಧಿಕಾರಿಗಳು ಬಾಜಾರಿನ ಸುಳ್ಳೆಂದು ತಳ್ಳಿದ್ದರಲ್ಲಿ ಅವರು ಜನತೆಯ ಚೈತನ್ಯವನ್ನು ಗುರುತಿಸಿದರು. ಇದು ದೊಡ್ಡ ಉಪಕಾರ. ಆದರೆ ರೈತ ಬಂಡಾಯವೇ ಆ ಗ್ರಂಥದ ವಿಷಯವಾದ್ದರಿಂದ ವದಂತಿಯು ನಿರಕ್ಷರರ ಸೊತ್ತೆಂಬ ಕೇಯ ವಿಭಾಗವು ತಲೆಕೆಳಗಾಗಿ ಅಲ್ಲಿಯೂ ಉಳಿಯಿತು: ಮೊದಲು ದೋಷವಾಗಿದ್ದುದು ಈಗ ಗುಣವಾಯಿತು, ಅಷ್ಟೆ. 1996ರಲ್ಲಿ ಬೇಲಿಯವರು ಆಳುವವರ ಮಾಹಿತಿಯ ಜಾಲವೇ ಎಲ್ಲೆಲ್ಲಿ ತೂತಾಗಿತ್ತು, ಅವರ ಗಾಬರಿಗಳು ಹೇಗೆ ಹುಟ್ಟಿದವು ಎಂದು ತೋರಿಸಿದ ಮೇಲೆ ಚಿತ್ರವು ಸಮತೂಕಕ್ಕೆ ಬಂದಿತು. ಎರಡು ಗ್ರಂಥಗಳನ್ನೂ ಜೊತೆಯಾಗಿ ಓದಿದವನಿಗೆ ತೋರುವುದಿಷ್ಟು: ತಂತಿ ಕಡಿದ ಮೇಲೆ ಎರಡು ಪಕ್ಷಗಳೂ ತಮ್ಮ ತಮ್ಮ ಹಳೆಯ ಭಯಗಳಿಂದಲೇ ಮೌನವನ್ನು ತುಂಬಿಕೊಂಡವು.

ಹಾಗಾದರೆ ವದಂತಿಗಳೆಲ್ಲ ಒಂದೇ ಬೆಲೆಯವೇ? ಅಲ್ಲ. ಇಲ್ಲಿ ಹುಂಡಿಯ ಉಪಮಾನವು ಉಪಯೋಗಕ್ಕೆ ಬರುತ್ತದೆ. ಕೈಯಿಂದ ಕೈಗೆ ಸಾಗುವ ಹುಂಡಿಯ ಬೆನ್ನ ಮೇಲೆ ಒಬ್ಬೊಬ್ಬರ ಸಹಿ ಇರುತ್ತದೆ; ಹಣ ಹುಟ್ಟದಿದ್ದರೆ ಕೇಳಬೇಕಾದವನು ಯಾರೆಂಬುದು ಗೊತ್ತಿರುತ್ತದೆ. ವದಂತಿಯ ಬೆನ್ನು ಬರಿದು. ಆದಕಾರಣ ಅದರ ಬೆಲೆಯನ್ನು ಸಹಿಯಿಂದಲ್ಲ, ಅದನ್ನು ನಂಬಿ ಯಾರು ಏನು ಮಾಡಿದರು ಎಂಬುದರಿಂದ ಅಳೆಯಬೇಕಾಗುತ್ತದೆ. ಬಾಜಾರಿನವನು ನಂಬಿದರೆ ಅಂಗಡಿ ಮುಚ್ಚಿ ಮನೆಗೆ ಹೋದಾನು; ಸಿಪಾಯಿ ನಂಬಿದರೆ ಕೋವಿ ಎತ್ತಿಯಾನು; ಸರಕಾರ ನಂಬಿದರೆ ಕಾನೂನು ಹೊರಡುತ್ತದೆ, ದಂಡು ಹೊರಡುತ್ತದೆ, ನೇಣುಗಂಬ ಏಳುತ್ತದೆ. 'ಬೆಂಕಿಯಿಲ್ಲದೆ ಹೊಗೆಯಾಡದು' ಎಂಬ ಗಾದೆಯನ್ನು ಈ ಸಂದರ್ಭದಲ್ಲಿ ಎಚ್ಚರದಿಂದ ಬಳಸಬೇಕು. ಬೆಂಕಿ ಇರುವುದು ನಿಜ; ಅನೇಕ ವೇಳೆ ಅದು ಉರಿಯುತ್ತಿರುವುದು ಕೇಳುವವನ ಎದೆಯಲ್ಲಿ.

ಕನ್ನಡ ನಾಡಿಗೆ ಇದು ಪರಕೀಯ ಚರಿತ್ರೆಯಲ್ಲ. ಉತ್ತರದ ಬೆಂಕಿ ಎಲ್ಲಿಯವರೆಗೆ ಹಬ್ಬೀತೋ ಎಂಬ ಅಂಜಿಕೆಯಿಂದ ಸರಕಾರವು 1857ರಲ್ಲಿಯೇ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯದೆಯನ್ನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಮೀರತ್ತನ್ನು ಕಂಡವರಲ್ಲ, ದೆಹಲಿಯ ತಂತಿಯನ್ನು ಕಡಿದವರಲ್ಲ. ಆಯುಧವೇ ಬಾಳಾಗಿದ್ದ ಅವರು ಅದನ್ನು ಒಪ್ಪಿಸಲು ನಿರಾಕರಿಸಿದರು. ಆ ವರ್ಷದ ನವೆಂಬರಿನಲ್ಲಿ ದಂಡು ಊರನ್ನು ಮುತ್ತಿತು, ಊರು ಸುಟ್ಟಿತು, ಸೆರೆಸಿಕ್ಕವರಲ್ಲಿ ಅನೇಕರು ನೇಣಿಗೇರಿದರು. ಜಡಗ, ಬಾಲ, ಹನುಮ, ರಾಮರ ಕಥೆಯನ್ನು ಹಾಡುವ ಲಾವಣಿಯು ಎಲ್ಲಿಂದ ಮೊದಲಾಗುತ್ತದೆಂಬುದನ್ನು ಲಕ್ಷ್ಯವಿಟ್ಟು ನೋಡಬೇಕು. ಅದು ಮೊದಲಾಗುವುದು ಯಾವ ಗಾಳಿಮಾತಿನಿಂದಲೂ ಅಲ್ಲ, ಕುಂಪಣಿ ಸರಕಾರದ ಹುಕುಮಿನಿಂದ. ಅಪ್ಪಣೆಯನ್ನು ಕಳುಹಿಸಿದವರು ಯಾರೆಂದು ಹೆಸರಿಸಿ, ಆಮೇಲೆ ಅದರ ಫಲವನ್ನು ಹಾಡುವ ಆ ಲಾವಣಿಕಾರನು ಕೇಗಿಂತ ಲೆಕಿಗೆ ಹತ್ತಿರದವನು. ದೂರದ ಊರುಗಳ ಭಯವು ಹಲಗಲಿಯ ಬಾಗಿಲಿಗೆ ಬಂದುದು ವದಂತಿಯ ರೂಪದಲ್ಲಿ ಅಲ್ಲ, ಕಾಯದೆಯ ರೂಪದಲ್ಲಿ ಎಂಬುದನ್ನು ಇತಿಹಾಸದ ಗ್ರಂಥಗಳಿಗಿಂತ ಆ ಹಾಡು ಸ್ಪಷ್ಟವಾಗಿ ಬಲ್ಲದು.

ಸರಕಾರಿ ತಂತಿಸೇವೆ 2013ರ ಜುಲೈಯಲ್ಲಿ ಮುಗಿಯಿತು. ಆದರೆ ಈ ಪ್ರಶ್ನೆ ಮುಗಿದಿಲ್ಲ. 2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದ ತಳದಲ್ಲಿದ್ದ, ಮುಂಬಯಿಗೂ ಸಂಬಂಧಿಸಿದ, ಸೀಕಾಮ್ ಮೊದಲಾದ ಮೂರು ಕೇಬಲ್‌ಗಳು ಕಡಿದಾಗ, ಯೆಮನಿನ ಹೂಥಿಗಳೇ ಬೇಕೆಂದು ಕಡಿದರೆಂಬ ಮಾತು ಒಡನೆಯೇ ಹಬ್ಬಿತು. ಅವರು ಅಲ್ಲಗಳೆದರು. ಅವರ ಕ್ಷಿಪಣಿಯ ಏಟು ತಿಂದು, ಸಿಬ್ಬಂದಿ ಬಿಟ್ಟುಹೋದ 'ರೂಬಿಮಾರ್' ಹಡಗು ತೇಲುತ್ತ ತನ್ನ ಲಂಗರನ್ನು ತಳದ ಮೇಲೆ ಎಳೆದುದೇ ಕಾರಣವಾಗಿರಬಹುದೆಂದು ಅಮೆರಿಕದ ಅಧಿಕಾರಿಗಳು ತರುವಾಯ ಅಭಿಪ್ರಾಯಪಟ್ಟರು. ಆಕ್ರಮಣವೂ ನಿಜ, ಕೇಬಲ್ ಕಡಿದುದೂ ನಿಜ. ಎರಡರ ನಡುವೆ ಜನ ಕಟ್ಟಿದ ನೇರವಾದ ಸೇತುವೆಗೆ ಮಾತ್ರ ಆಧಾರ ಸಾಲದು. ಟಾಡ್ ಹೊರಟುಹೋದ ಬೆಳಗಿನಂತೆ ಇಂದೂ ತಂತಿ ಮೂಕವಾದಾಗ ಮೊದಲು ಮಾತನಾಡುವುದು ಭಯವೇ.

ಇತಿಹಾಸ ಬರೆಯುವವನು ಭಯವನ್ನು ಕಡೆಗಣಿಸಬೇಕಾಗಿಲ್ಲ. ಅದನ್ನು ದಾಖಲಿಸಬೇಕು, ಅದರ ಮೂಲವನ್ನು ಅರಸಬೇಕು. ಆದರೆ ಬಡವನ ಭಯಕ್ಕೆ ವದಂತಿಯೆಂದೂ ಬಲ್ಲಿದನ ಭಯಕ್ಕೆ ವರದಿಯೆಂದೂ ಹೆಸರಿಡುವ ಅಧಿಕಾರ ಅವನಿಗಿಲ್ಲ. ಹಲಗಲಿಯಲ್ಲಿ ನೇಣಿಗೇರಿದವರ ಮಟ್ಟಿಗೆ ಅದು ಬರಿಯ ಶಬ್ದದ ವ್ಯತ್ಯಾಸವಾಗಿರಲಿಲ್ಲ.